ಗುರುವಾರದ ರಜೆ

ನನ್ನ ಚಿಕ್ಕಮ್ಮ ಹನ್ನೊಂದು ವರ್ಷ ಒಂದು ಜಿಮ್ಮಿನಲ್ಲಿ ಡ್ಯೂಟಿ ಪಟ್ಟಿ ಬರೆದಳು. ಒಂದು ದಿನವೂ ಡಂಬೆಲ್ ಎತ್ತಿದವಳಲ್ಲ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಆದರೆ ಆ ಕಟ್ಟಡಕ್ಕೆ ಯಾರು ಎಷ್ಟು ಹೊತ್ತಿಗೆ ಬರಬೇಕು, ಯಾವಾಗ ಮನೆಗೆ ಹೋಗಬೇಕು ಅನ್ನುವುದು ಅವಳ ಪೆನ್ನಿನ ತುದಿಯಲ್ಲಿತ್ತು. ವಾರಕ್ಕೊಂದು ರಜೆ, ಎರಡು ಪಾಳಿಗಳ ನಡುವೆ ಹತ್ತು ಗಂಟೆ ಬಿಡುವು, ಹೆಚ್ಚು ದುಡಿದರೆ ಎರಡರಷ್ಟು ಸಂಬಳ ಎಂಬ ನಿಯಮಗಳೆಲ್ಲ ಅವಳಿಗೆ ಬಾಯಿಪಾಠ. ಗೊತ್ತಿಲ್ಲದೆ ಕಾನೂನು ಮುರಿಯುವವರು ಬೇಕಾದಷ್ಟಿದ್ದಾರೆ. ಇವಳು ಅದನ್ನು ಅರೆದು ಕುಡಿದು ಮುರಿದಳು.

ಪಟ್ಟಿಗಳು ಎರಡಿದ್ದವು. ಲಾಕರುಗಳ ಪಕ್ಕದ ಬಿಳಿ ಬೋರ್ಡಿನ ಮೇಲಿದ್ದದ್ದು ನಿಜವಾದದ್ದು. ಮಾಲೀಕ ಆರು ಜನರ ಕೆಲಸಕ್ಕೆ ನಾಲ್ಕೇ ಟ್ರೈನರ್‌ಗಳನ್ನು ಇಟ್ಟಿದ್ದರಿಂದ, ರಾತ್ರಿ ಹತ್ತಕ್ಕೆ ಬಾಗಿಲು ಹಾಕಿದವರೇ ಬೆಳಗ್ಗೆ ಐದಕ್ಕೆ ತೆಗೆಯಬೇಕಿತ್ತು. ಫೈಲಿನಲ್ಲಿದ್ದದ್ದು ತಪಾಸಣೆಗೆ ಬರುವವರು ನೋಡಿ ತಲೆದೂಗುವಂಥದ್ದು. ಪ್ರತಿ ಭಾನುವಾರ ಸಂಜೆ ಚಿಕ್ಕಮ್ಮ ಬೋರ್ಡು ಒರೆಸಿ, ಮುಗಿದ ವಾರದ ಫೈಲಿನ ಪಟ್ಟಿಗೆ ನಾಲ್ವರ ಸಹಿ ಹಾಕಿಸುತ್ತಿದ್ದಳು. ಯಾರೂ ಓದುತ್ತಿರಲಿಲ್ಲ.

"ತಪ್ಪಲ್ವಾ ಚಿಕ್ಕಮ್ಮ?" ಎಂದು ಒಮ್ಮೆ ಕೇಳಿದ್ದೆ.

"ಜಿಮ್ ಮುಚ್ಚಿದ್ರೆ ಅವರೂ ಬೀದಿಗೆ, ನಾನೂ ಬೀದಿಗೆ. ದೊಡ್ಡ ನ್ಯಾಯಾಧೀಶೆ ಬಂದ್ಲು ನೋಡು!"

ನನ್ನ ಕಾಲೇಜಿನ ಫೀಸು ಕಟ್ಟುತ್ತಿದ್ದವಳು ಅವಳು. ಬಾಯಿ ಮುಚ್ಚಿಕೊಂಡೆ. ಅದಕ್ಕೆ ಈಗ ನನ್ನ ಮೇಲೆ ನನಗೇ ಸಿಟ್ಟಿದೆ.

ಆ ನಾಲ್ವರಲ್ಲಿ ಹಿರಿಯರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಬೆಳ್ಳಗಾದ ಮೀಸೆ. "ಅಕ್ಕ, ನೀವು ಬಾಗಿಲ ಹತ್ರ ಕೂರ್ಬೇಡಿ, ವ್ಯಾಪಾರ ಕೆಡುತ್ತೆ" ಎಂದು ಚಿಕ್ಕಮ್ಮನನ್ನು ಮೈಕಟ್ಟಿನ ಬಗ್ಗೆ ರೇಗಿಸುತ್ತಿದ್ದರು. ಒಂದು ಗುರುವಾರ ಅವರಿಗೆ ಬಿಡುವಿಲ್ಲದ ಹತ್ತನೆಯ ದಿನದ ಡ್ಯೂಟಿ. ಬೆಳಗ್ಗೆ ಆರರ ಹೊತ್ತಿಗೆ, ಬೆಂಚಿನ ಮೇಲೆ ಮಲಗಿ ಭಾರದ ಕಂಬಿ ಎತ್ತುತ್ತಿದ್ದ ಗಿರಾಕಿಯೊಬ್ಬನ ತೋಳು ಸೋತಿತು. ಹಿಂದೆ ನಿಂತಿದ್ದ ಮೇಷ್ಟ್ರು ಕಂಬಿಗೆ ಕೈ ಹಾಕಿದರು, ಆದರೆ ಅದು ನಿದ್ದೆಗೆಟ್ಟ ಕೈ. ಗಿರಾಕಿಯ ಕುತ್ತಿಗೆ ಉಳಿಯಿತು. ಮೇಷ್ಟ್ರ ಬಲಗೈ ಕಂಬಿಗೂ ಸ್ಟ್ಯಾಂಡಿಗೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಫೈಲಿನ ಪಟ್ಟಿಯ ಪ್ರಕಾರ ಆ ಗುರುವಾರ ಅವರಿಗೆ ರಜೆ.

ಭಾನುವಾರ ಚಿಕ್ಕಮ್ಮ ಹಣ್ಣಿನ ಚೀಲದ ಜೊತೆಗೆ ಫೈಲನ್ನೂ ಆಸ್ಪತ್ರೆಗೆ ಒಯ್ದಳು. ಮಾಲೀಕ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಇವತ್ತು ಭಾನುವಾರ, ಒಂದು ಸಹಿಯ ಜಾಗ ಖಾಲಿ ಇದೆ ಅನ್ನುವುದಷ್ಟೇ ಅವಳ ತಲೆಯಲ್ಲಿದ್ದದ್ದು. ಔಷಧದ ಮಂಪರಿನಲ್ಲಿದ್ದ ಮೇಷ್ಟ್ರ ಎಡಗೈ ಹೆಬ್ಬೆಟ್ಟಿಗೆ ಇಂಕು ಹಚ್ಚಿ ಪಟ್ಟಿಯ ಮೇಲೆ ಒತ್ತಿಸಿದಳು. ಆಮೇಲೆ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಕಿತ್ತಳೆ ಸುಲಿದು ತಿನ್ನಿಸಿ ಬಂದಳು. ಅಷ್ಟು ಅಕ್ಕರೆಯಿಂದ ಒಬ್ಬ ಮನುಷ್ಯನ ಬದುಕು ಮುಗಿಸಿದವರನ್ನು ನಾನು ಬೇರೆ ಕಂಡಿಲ್ಲ.

ಎರಡು ತಿಂಗಳಾದರೂ ಬೆರಳು ಮಡಚಲಿಲ್ಲ. ಇನ್ನೊಂದು ಆಪರೇಷನ್ ಆದರೆ ಕೈ ಬರಬಹುದು ಅಂದರು ಡಾಕ್ಟರು. ಅದಕ್ಕೆ ದುಡ್ಡು ಬರಬೇಕಾದರೆ ಜಿಮ್ಮಿನಿಂದ ಪರಿಹಾರ ಸಿಗಬೇಕು. ಮೇಷ್ಟ್ರು ಕಾರ್ಮಿಕ ಕಚೇರಿಗೆ ಅರ್ಜಿ ಹಾಕಿದರು. ಅವತ್ತು ಅವರಿಗೆ ರಜೆ, ಸ್ವಂತ ವ್ಯಾಯಾಮಕ್ಕೆ ಬಂದಿದ್ದರು ಎಂದು ಮಾಲೀಕನ ಉತ್ತರ ಬಂತು. ಉಳಿದ ಮೂವರು ಟ್ರೈನರ್‌ಗಳು ಕೆಲಸದ ಭಯಕ್ಕೆ ತುಟಿ ಬಿಚ್ಚಲಿಲ್ಲ. ಕುತ್ತಿಗೆ ಉಳಿಸಿಕೊಂಡ ಗಿರಾಕಿ ಫೋನೇ ಎತ್ತಲಿಲ್ಲ. ಉಳಿದವಳು ಚಿಕ್ಕಮ್ಮ.

ವಿಚಾರಣೆಗೆ ನಾನೂ ಜೊತೆಗೆ ಹೋದೆ. ಬಸ್ಸಿನುದ್ದಕ್ಕೂ ಅವಳದು ಒಂದೇ ಮಾತು. "ನಿಜ ಹೇಳಿಬಿಡ್ತೀನಿ ಕಣೇ. ಕೆಲಸ ಹೋದ್ರೆ ಹೋಗ್ಲಿ." ನನಗೆ ಅವಳ ಬಗ್ಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಅಧಿಕಾರಿ ಕೆಟ್ಟ ಮನುಷ್ಯರೇನಲ್ಲ. ಫೈಲು ತಿರುವಿ, ಆ ವಾರದ ಹಾಳೆಗೆ ಬಂದು ನಿಂತರು. "ಅಪಘಾತ ಆದ್ಮೇಲೂ ಗುರುವಾರ ರಜೆ ಅಂತ ಇವರೇ ಒಪ್ಪಿ ಹೆಬ್ಬೆಟ್ಟು ಹಾಕಿದ್ದಾರಲ್ಲ? ಯಾರಮ್ಮ ಹಾಕಿಸಿದ್ದು?"

"ನಾನೇ ಸಾರ್."

"ಓದಿ ಹೇಳಿದ್ರಾ? ಯೋಚ್ನೆ ಮಾಡಿ ಹೇಳಿ. ಓದದೆ ಒತ್ತಿಸಿದ್ರೆ ಅದು ಸುಳ್ಳು ದಾಖಲೆ. ನಿಮ್ಮ ಮೇಲೆ ಪೊಲೀಸ್ ಕೇಸಾಗುತ್ತೆ."

ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. ಅವಳು ತಿರುಗಿ ನನ್ನನ್ನು ನೋಡಿದಳು. ಹೇಳು ಎಂದು ನಾನು ತಲೆಯಾಡಿಸಬೇಕಿತ್ತು. ನೆಲ ನೋಡಿದೆ.

"ಓದಿ ಹೇಳಿದ್ದೆ ಸಾರ್," ಅಂದಳು.

ಅಧಿಕಾರಿ ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರ ಕಡೆ ತಿರುಗಿದರು. "ಹೌದೇನ್ರೀ?"

ಮೇಷ್ಟ್ರು ಚಿಕ್ಕಮ್ಮನನ್ನೇ ನೋಡುತ್ತಿದ್ದರು. ಪೊಲೀಸ್ ಕೇಸಿನ ಮಾತು ಅವರಿಗೂ ಕೇಳಿಸಿತ್ತು. ಇಲ್ಲ ಅಂತ ಒಂದು ಮಾತು ಅಂದಿದ್ದರೆ ಅವರ ಕೈ ಉಳಿಯುತ್ತಿತ್ತೋ ಏನೋ.

"ಹೌದು ಸಾರ್. ಅಕ್ಕ ಓದಿದ್ರು."

ಅರ್ಜಿ ವಜಾ ಆಗಲು ಐದು ನಿಮಿಷವೂ ಹಿಡಿಯಲಿಲ್ಲ. ವರಾಂಡದಲ್ಲಿ ಚಿಕ್ಕಮ್ಮ ಬಿಕ್ಕಿ ಬಿಕ್ಕಿ ಅತ್ತಳು. "ಯಾಕೆ ಹಾಗಂದ್ರಿ ಮೇಷ್ಟ್ರೆ? ಯಾಕಂದ್ರಿ?"

"ನಿಮ್ಮನ್ನ ಜೈಲಿಗೆ ಕಳಿಸಿ ನಾನೇನ್ ಮಾಡ್ಲಿ ಅಕ್ಕ."

ಅವರ ಹೆಗಲಿನ ಚೀಲ ಜಾರಿತು. ಬಲಗೈ ಅದನ್ನು ಹಿಡಿಯಲಾರದೆ ಒದ್ದಾಡಿತು. ಚಿಕ್ಕಮ್ಮ ಕಣ್ಣೊರೆಸಿಕೊಂಡು ಚೀಲ ಸರಿಮಾಡಲು ಕೈ ಚಾಚಿದಳು. ಮೇಷ್ಟ್ರು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ಬೇಡ ಅಕ್ಕ. ಮುಟ್ಬೇಡಿ."

ಎಡಗೈಯಲ್ಲಿ ಚೀಲ ಎತ್ತಿಕೊಂಡು ಅವರು ಬಸ್ ನಿಲ್ದಾಣದ ಕಡೆ ನಡೆದರು. ನಮ್ಮದೂ ಅದೇ ಬಸ್ಸು. ನಾವು ಹತ್ತಲಿಲ್ಲ.