ನಾಲ್ಕನೇ ಬ್ಯಾಚಿನ ನೆಂಟರು

ನಾದಿನಿಯ ಮದುವೆಯಾಗಿ ಒಂದು ತಿಂಗಳು ಕಳೆದ ಮೇಲೆ ಫೋಟೋಗಳು ಬರತೊಡಗಿದವು. ನಮ್ಮ ಫೋಟೋಗ್ರಾಫರ್ ಮಂಗಳೂರು ಕಡೆಯವರು. ಮುಂಬೈಯ ಘಾಟ್ಕೋಪರ್ ಸ್ಟೇಷನ್ ಹತ್ತಿರ ಬಹಳ ವರ್ಷದಿಂದ ಸ್ಟುಡಿಯೋ ಇಟ್ಟುಕೊಂಡಿದ್ದರು. ಎಲ್ಲವನ್ನೂ ಒಂದು ಪೆನ್ ಡ್ರೈವಿಗೆ ಹಾಕಿಕೊಡಿ ಎಂದು ಕೇಳಿದ್ದಕ್ಕೆ ಅವರು ನಕ್ಕರು.

"ಈಗ ಪೆನ್ ಡ್ರೈವ್ ಯಾರು ಕೇಳ್ತಾರೆ ಮಾರಾಯ್ರೆ? ನಾನು ಜಿಪ್ ಮಾಡಿ, ಗಂಟು ಕಟ್ಟಿ ಬ್ಯಾಚ್ ಬ್ಯಾಚ್ ಕಳಿಸ್ತೇನೆ. ನೀವು ಬಿಚ್ಚಿಕೊಂಡು, ಬೇಕಾದ್ದು ಆರಿಸಿ, ಆಲ್ಬಮ್ಮಿನ ಆ್ಯಪಿಗೆ ಹಾಕಿದ್ರೆ ಆಯ್ತು. ಅವರೇ ಪ್ರಿಂಟ್ ಮಾಡಿ ಮನೆಗೆ ಕಳಿಸ್ತಾರೆ."

'ಆಯ್ತು' ಎಂಬ ಮಾತು ಹೇಳುವಷ್ಟು ಸುಲಭವಾಗಿರಲಿಲ್ಲ. ಬಾಂದ್ರಾದ ನನ್ನ ಆಫೀಸಿನ ಲ್ಯಾಪ್‌ಟಾಪ್ ಹೊರಗಿನ ಫೈಲುಗಳನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಗಂಡನ ಫೋನಿನ ಪರದೆ ಒಡೆದು, ಬಂದವರ ಮುಖವೆಲ್ಲ ಎರಡೆರಡಾಗಿ ಕಾಣುತ್ತಿತ್ತು. ಉಳಿದದ್ದು ಅತ್ತೆಯ ಟ್ಯಾಬ್ಲೆಟ್ ಒಂದೇ. ಧಾರಾವಾಹಿ ನೋಡಲೆಂದು ಕೊಡಿಸಿದ್ದ ಅದನ್ನು ಅವರು ಅಡುಗೆಮನೆಯಲ್ಲಿ ಸಾರಿನ ಪುಡಿಯ ಡಬ್ಬಿಗೆ ಒರಗಿಸಿ ಇಡುತ್ತಿದ್ದರು.

ಮದುವೆಯ ಆಲ್ಬಮ್ಮಿನ ಹೊಣೆ ಮನೆಯ ಸೊಸೆಯಾದ ನನ್ನ ತಲೆಗೆ ಬಂತು. ದಿನಾ ಸಂಜೆ ಲೋಕಲ್ ಇಳಿದು ಮನೆಗೆ ಬಂದವಳು ಕಾಫಿ ಕುಡಿದು ಟ್ಯಾಬ್ಲೆಟ್ ಹಿಡಿದು ಕೂರುತ್ತಿದ್ದೆ. ಇ-ಮೇಲಿನಲ್ಲಿ ಬರುವ, ಒಂದೇ ವಾರ ಬದುಕುವ ಲಿಂಕಿನಿಂದ ಜಿಪ್ಪನ್ನು ಫೈಲುಗಳ ಆ್ಯಪಿಗೆ ಇಳಿಸಬೇಕು. ಅಲ್ಲಿಂದ ಬಿಚ್ಚುವ ಆ್ಯಪಿಗೆ, ಬಿಚ್ಚಿದ್ದನ್ನು ಗ್ಯಾಲರಿಗೆ, ಆರಿಸಿದ್ದನ್ನು ಮತ್ತೆ ಜಿಪ್ ಮಾಡಿ ಆಲ್ಬಮ್ಮಿನ ಆ್ಯಪಿಗೆ. ಆ ಕೊನೆಯ ಆ್ಯಪ್ ಬಿಡಿ ಫೋಟೋ ಮುಟ್ಟುತ್ತಿರಲಿಲ್ಲ, ಅದಕ್ಕೆ ಗಂಟೇ ಬೇಕು.

ಅತ್ತೆ ಪಕ್ಕದಲ್ಲಿ ಹುರುಳಿಕಾಯಿ ಮುರಿಯುತ್ತ ನೋಡುತ್ತಿದ್ದರು. "ಗಂಟು ಕಟ್ಟಿದ್ದನ್ನ ಬಿಚ್ಚಿ ಮತ್ತೆ ಗಂಟು ಕಟ್ಟೋದಕ್ಕೆ ಇಷ್ಟು ಓದಿದವರು ಬೇಕೇನೇ?" ಎಂದು ಕೇಳಿದರು. ನಾನು ಮುಂದಿನ ಗಂಟು ಬಿಚ್ಚಿದೆ.

ಮೊದಲ ಮೂರು ಬ್ಯಾಚು ಸುಸೂತ್ರವಾಗಿ ಮುಗಿದವು. ನಾಲ್ಕನೆಯದನ್ನು ಬಿಚ್ಚುವಾಗ ಟ್ಯಾಬ್ಲೆಟ್ ತಕರಾರು ತೆಗೆಯಿತು. ಇದೇ ಹೆಸರಿನ ಫೋಟೋ ಆಗಲೇ ಇದೆ, ಹಳೆಯದನ್ನು ತೆಗೆಯಲೇ, ಎರಡನ್ನೂ ಇಟ್ಟುಕೊಳ್ಳಲೇ ಎಂದು ಕೇಳಿತು. ಮದುವೆಯ ಫೋಟೋ ಯಾರಾದರೂ ಬಿಸಾಕುತ್ತಾರೆಯೇ? ಎರಡನ್ನೂ ಇಟ್ಟುಕೋ ಎಂದೆ. ಪ್ರತಿ ಫೋಟೋಗೂ ಅದೇ ಪ್ರಶ್ನೆ, ನನ್ನದೂ ಅದೇ ಉತ್ತರ. ಕೊನೆಗೆ ಎಲ್ಲವೂ ಒಂದರೊಳಗೊಂದು ಸೇರಿಕೊಂಡವು.

ಆ ಬ್ಯಾಚಿನಲ್ಲಿ ಒಬ್ಬರು ಎದ್ದು ಕಾಣುತ್ತಿದ್ದರು. ಗುಲಾಬಿ ಪೇಟ, ದಪ್ಪ ಮೀಸೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಯ್ತುಂಬ ನಗು. ಅವರ ಸುತ್ತ ಗಿಳಿಹಸಿರು ಸೀರೆಯ ಹೆಂಗಸರು. ಹಿಂದೆ ನಮ್ಮ ಮದುವೆಯದೇ ಹಾಲ್, ಅದೇ ಕೆನೆಬಣ್ಣದ ಪರದೆ, ಅದೇ ಬಂಗಾರದ ಸೋಫಾ.

"ಇವರು ಯಾರೇ?" ಅತ್ತೆ ಕೇಳಿದರು.

"ಬೀಗರ ಕಡೆಯವರಿರಬೇಕು."

ಬೀಗರು ಧಾರವಾಡದ ಕಡೆಯವರು, ಬಹಳ ವರ್ಷದಿಂದ ಭಾಂಡುಪಿನಲ್ಲಿದ್ದವರು. ಧಾರವಾಡದ ಕಡೆ ಹಿರಿಯರು ಪೇಟ, ಅವರ ಮಾತಿನಲ್ಲಿ ಪಟಗ, ಸುತ್ತುವುದು ನಮಗೆ ಗೊತ್ತಿತ್ತು. ನಾವು ಮೈಸೂರಿನವರು ಮದುವೆಯಲ್ಲಿ ಅವರನ್ನು ಸರಿಯಾಗಿ ಮಾತಾಡಿಸಲಿಲ್ಲವೇನೋ ಎಂಬ ಅಳುಕು ಅತ್ತೆಗೆ ಮೊದಲಿನಿಂದಲೂ ಇತ್ತು.

"ಹಾಗಾದ್ರೆ ಇವರನ್ನ ದೊಡ್ಡದಾಗಿ ಹಾಕು. ಇಲ್ಲಾಂದ್ರೆ ಬರೀ ತಮ್ಮ ಕಡೆಯವರನ್ನೇ ಹಾಕ್ಕೊಂಡ್ರು ಅಂತಾರೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲಾ ಕಣೇ, ಊಟದ ಹೊತ್ತಿನ ಫೋಟೋಲಿ ನಾನೆಲ್ಲೂ ಕಾಣ್ತಾನೇ ಇಲ್ಲವಲ್ಲ?" ಎಂದರು. "ನೀನು ಓಡಾಡ್ತಾನೇ ಇದ್ದೆ, ಕ್ಯಾಮೆರಾಗೆ ಸಿಕ್ಕಿಲ್ಲ," ಎಂದು ಗಂಡ ಪೇಪರಿನ ಹಿಂದಿನಿಂದಲೇ ತೀರ್ಪು ಕೊಟ್ಟರು.

ಮಾವ ಕನ್ನಡಕ ಹಾಕಿಕೊಂಡು ಪೇಟದವರನ್ನು ದಿಟ್ಟಿಸಿ ನೋಡಿದರು. "ಇವರು ನನಗೆ ಚೆನ್ನಾಗಿ ಗೊತ್ತು. ಪಂಕ್ತೀಲಿ ನನ್ನ ಪಕ್ಕವೇ ಕೂತಿದ್ರು. ತುಂಬಾ ಸಜ್ಜನರು. ಮಜ್ಜಿಗೆ ನೀರಾಯ್ತು ಅಂತ ಅವರೇ ಹೇಳಿದ್ದು."

ಮಾವ ಇಷ್ಟು ಖಚಿತವಾಗಿ ಹೇಳಿದ ಮೇಲೆ ನನಗೂ ನೆನಪಾಗತೊಡಗಿತು. ಅವರು ಅಕ್ಷತೆ ಹಾಕಿದ್ದು, ನಾನು ಬಗ್ಗಿ ನಮಸ್ಕರಿಸಿದ್ದು, "ಸುಖವಾಗಿರು ತಾಯಿ" ಎಂದದ್ದು. ದನಿ ಕೂಡ ಕಿವಿಯಲ್ಲಿತ್ತು, ಸ್ವಲ್ಪ ಗಡಸು ದನಿ.

ಆರಿಸಿದ್ದನ್ನೆಲ್ಲ ಗಂಟು ಕಟ್ಟಿ, ಒಮ್ಮೆ ನೋಡಿ ಹೇಳಿ ಎಂದು ಬೀಗಿತ್ತಿಯವರಿಗೆ ಕಳಿಸಿದೆ. ಅವರಿಂದ ಧ್ವನಿಸಂದೇಶ ಬಂತು: "ಭಾಳ ಛಲೋ ಬಂದಾವ್ರಿ ಫೋಟೋ. ಆ ಪಟಗದ ಹಿರ್ಯಾರದು ಇನ್ನೂ ಒಂದೆರಡು ಹಾಕಸ್ರೆಲ್ಲಾ. ಎಷ್ಟು ಲಕ್ಷಣ ಅದಾರ!"

ಅತ್ತೆ ನನ್ನ ಕಡೆ ನೋಡಿದರು. "ನಾನು ಹೇಳಲಿಲ್ವಾ?" ಪೇಟದವರಿಗೆ ಎರಡು ಪುಟ ಪೂರ್ತಿ ಸಿಕ್ಕಿತು. ಮದುಮಗನ ಸ್ವಂತ ಚಿಕ್ಕಪ್ಪ ಮೂಲೆಯಲ್ಲಿ ಅಂಚೆಚೀಟಿಯಷ್ಟಾದರು.

ಆಲ್ಬಮ್ಮನ್ನು ಪ್ರಿಂಟಿಗೆ ಕೊಡುವ ಮೊದಲು ಒಂದು ಭಾನುವಾರ ಬೀಗರನ್ನೂ ನಾದಿನಿ ಮತ್ತು ಅವಳ ಗಂಡನನ್ನೂ ಊಟಕ್ಕೆ ಕರೆದೆವು. ಬಿಸಿಬೇಳೆಬಾತ್ ಬಡಿಸುತ್ತ ಅತ್ತೆ ವಿನಯದಿಂದ ವಿಷಯಕ್ಕೆ ಬಂದರು.

"ಅವರು ಹೇಗಿದ್ದಾರೆ?"

"ಯಾರ್ರೀ?"

"ಅವರೇ, ಪೇಟದವರು."

ಬೀಗಿತ್ತಿ ಬಿಸಿಬೇಳೆಬಾತ್ ಕಲಸಿಕೊಂಡರು. "ಆರಾಮ ಇರಬೇಕಲ್ರೀ."

"ಊರಿಗೆ ಹೋದ್ರೇನೋ?"

"ಹೋಗಿರಬೇಕ್ರೀ," ಎಂದು ಅವರು ತಮ್ಮ ಯಜಮಾನರ ಮುಖ ನೋಡಿದರು. ಬೀಗರು ಬಾಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿದು, "ಹೌದ್ರೀ, ಅಂಥವರು ಸಿಗೂದು ಕಷ್ಟ," ಎಂದರು.

"ನನ್ನ ಪಕ್ಕವೇ ಊಟಕ್ಕೆ ಕೂತಿದ್ರು," ಎಂದರು ಮಾವ.

"ಹೌದ್ ಹೌದ್ರೀ. ನನ್ನ ಕೂಡನೂ ಭಾಳ ಮಾತಾಡಿದ್ರು," ಎಂದರು ಬೀಗರು.

ಎಲ್ಲರೂ ತಲೆಯಾಡಿಸಿದೆವು. ಅಷ್ಟರಲ್ಲಿ ನಾದಿನಿ ಟ್ಯಾಬ್ಲೆಟ್ ಎತ್ತಿಕೊಂಡು, ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದಳು. ಮುಂಬೈಯಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡಕ್ಕೆ ದಾರಿಯಲ್ಲಿ ಯಾವ್ಯಾವುದೋ ಭಾಷೆಗಳು ಹತ್ತುತ್ತಿದ್ದವು.

"ಅಮ್ಮಾ, ಏಕ್ ಮಿನಿಟ್. ಈ ಅಂಕಲ್ ಹಿಂದೆ ದುಲ್ಹನ್ ಕೂತಿದ್ದಾಳೆ."

"ನೀನೇ ಕಣೇ ಅದು."

"ನಾನು ಮುಖದ ಮೇಲೆ ಘೂಂಘಟ್ ಯಾವಾಗ ಹಾಕಿದ್ದೆ? ಇದು ನಾನಲ್ಲ! ಇದು ನಮ್ಮ ವೆಡ್ಡಿಂಗೇ ಅಲ್ಲ!"

ತಟ್ಟೆಗಳ ಮುಂದೆ ಎಲ್ಲರ ಕೈಯೂ ನಿಂತಿತು. ಬೀಗಿತ್ತಿ ಮೆಲ್ಲಗೆ, "ಅಂದ್ರ... ಅವರು ನಿಮ್ಮ ಕಡೆಯವರಲ್ಲೇನ್ರೀ?" ಎಂದರು. "ನಿಮ್ಮ ಕಡೆಯವರು ಅಂದ್ಕೊಂಡಿದ್ವಲ್ಲ!" ಎಂದರು ಅತ್ತೆ. ಇಬ್ಬರಿಗೂ ಒಟ್ಟಿಗೆ ನಗು ಒತ್ತರಿಸಿತು. ಮದುವೆಯ ದಿನದಿಂದ ನಮ್ಮ ನಡುವೆ ಇದ್ದ ಬಿಗಿ ಆ ಮಧ್ಯಾಹ್ನ ಸಡಿಲವಾಯಿತು. ಬೀಗಿತ್ತಿ ಕಣ್ಣೊರೆಸಿಕೊಳ್ಳುತ್ತ, "ನಾ ನಮ್ಮ ಅಣ್ಣಗ ಫೋಟೋ ಕಳಿಸೇನ್ರೀ. ಅವನೂ ಗುರ್ತು ಹಿಡದಾನ!" ಎಂದರು. ಮಾವ ಮತ್ತು ಬೀಗರು ಮಾತ್ರ ನಗಲಿಲ್ಲ. ಇಬ್ಬರೂ ಮಜ್ಜಿಗೆ ಕಲಸಿಕೊಂಡರು.

ಫೋಟೋಗ್ರಾಫರಿಗೆ ಫೋನ್ ಮಾಡಿದೆ. ಅವರು ಡೈರಿ ಹುಡುಕಿ ನೋಡಿ, "ಅಯ್ಯೋ, ನಿಮ್ಮದು ಶನಿವಾರ, ಇನ್ನೊಬ್ಬರದು ಭಾನುವಾರ, ಒಂದೇ ಹಾಲ್. ಎರಡಕ್ಕೂ ನಾಲ್ಕನೇ ಬ್ಯಾಚ್ ಅಂತಲೇ ಹೆಸರಿಟ್ಟಿದ್ದೆ," ಎಂದರು. "ನಿಮ್ಮದು ಅವರಿಗೆ ಹೋಗಿದೆ. ನನ್ನ ಹಾರ್ಡ್ ಡಿಸ್ಕ್ ರಿಪೇರಿಗೆ ಕೊಟ್ಟಿದ್ದೇನೆ, ಅದು ಯಾವಾಗ ಬರ್ತದೋ ದೇವರಿಗೇ ಗೊತ್ತು. ಅವರೂ ನಿಮ್ಮ ಹಾಗೆ ಘಾಟ್ಕೋಪರಲ್ಲೇ ಇರೋದು, ವಿಳಾಸ ಕೊಡ್ತೇನೆ. ನೀವೇ ಹೋಗಿ ಬದಲಾಯಿಸಿಕೊಳ್ಳಿ ಮಾರಾಯ್ರೆ."

ಫೋನಿನಲ್ಲೇ ಕಳಿಸಬಹುದೆಂದು ಗಂಡ ಹೇಳಿದರು. ಆದರೆ ಚಾಟಿನಲ್ಲಿ ಕಳಿಸಿದರೆ ಮುಖಗಳು ನೀರಲ್ಲಿ ನೆನೆದ ಕಾಗದದಂತೆ ಆಗುತ್ತಿದ್ದವು. ಅದೂ ಅಲ್ಲದೆ, "ಪರಿಚಯದವರ ಮನೆಗೆ ಹೋಗದೆ ಫೋನಲ್ಲಿ ಮುಗಿಸೋದು ಸರಿಯಲ್ಲ," ಎಂದರು ಮಾವ. ಯಾರ ಪರಿಚಯ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅತ್ತೆ ಮಾವ ನಾನು, ಮೂವರೂ ಟ್ಯಾಬ್ಲೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ರಿಕ್ಷಾ ಹತ್ತಿದೆವು.

ಬಾಗಿಲು ತೆರೆದವರು ಅವರೇ. ಪೇಟವಿರಲಿಲ್ಲ, ತಲೆ ಬೋಳಾಗಿತ್ತು, ಆದರೆ ಮೀಸೆ ಅದೇ. ವಾರಗಟ್ಟಲೆ ನೋಡಿ ನೋಡಿ ನಮಗೆ ಅವರು ಮನೆಯವರಂತೆ ಆಗಿಬಿಟ್ಟಿದ್ದರು. ಅತ್ತೆಯ ಮುಖ ಅರಳಿತು. "ಚೆನ್ನಾಗಿದ್ದೀರಾ?" ಎಂದು ಕನ್ನಡದಲ್ಲೇ ಕೇಳಿಬಿಟ್ಟರು. ಅವರು ಅತ್ತೆಯನ್ನು ನೋಡಿದವರೇ ಒಳಗೆ ತಿರುಗಿ ಕೂಗಿದರು: "ಅರೇ, ಬಾಹರ್ ಆವೋ! ಆಲ್ಬಮ್‌ವಾಲೀ ಬುವಾ ಆಯೀ ಹೈ!"

ಬುವಾ ಎಂದರೆ ಸೋದರತ್ತೆ. ರಾಜಸ್ಥಾನದ ಕಡೆಯ ಪಾತ್ರೆ ವ್ಯಾಪಾರಿಗಳ ಮನೆ ಅದು. ಒಳಗಿನಿಂದ ಗಿಳಿಹಸಿರಿನ ಹೆಂಗಸರೆಲ್ಲ ಬೇರೆ ಬೇರೆ ಬಣ್ಣದಲ್ಲಿ ಹೊರಗೆ ಬಂದರು. ಅವರ ಆಲ್ಬಮ್ ಆಗಲೇ ಪ್ರಿಂಟಾಗಿ ಬಂದಿತ್ತು. ಬಿಚ್ಚಿ ತೋರಿಸಿದರು. ಪುಟದ ತುಂಬ ನಮ್ಮ ಅತ್ತೆ, ಕೈಯಲ್ಲಿ ಪಾಯಸದ ಸೌಟು ಹಿಡಿದು ಯಾರಿಗೋ ಗದರಿಸುತ್ತಿದ್ದರು. ಹುಡುಗನ ಕಡೆಯ ದೊಡ್ಡವರು ಯಾರೋ ಎಂದು ಅವರು ತಿಳಿದಿದ್ದರಂತೆ. ಹುಡುಗನ ಕಡೆಯವರೂ ಕೇಳಲು ಸಂಕೋಚಪಟ್ಟಿದ್ದರು.

ಚಹಾ ಆಯಿತು, ಹಪ್ಪಳದಂಥ ಖಾಖ್ರಾ ಆಯಿತು. ಮಾವ ತಮಗೆ ಬರುವಷ್ಟು ಹಿಂದಿಯಲ್ಲಿ ಮಜ್ಜಿಗೆಯ ವಿಷಯ ಎತ್ತಿದರು. ಪೇಟದವರು ಅರ್ಥವಾಗದಿದ್ದರೂ ಪೂರ್ತಿ ಒಪ್ಪಿಕೊಂಡರು.

ಆಮೇಲೆ ಕೆಲಸಕ್ಕೆ ಕೂತೆವು. ಅವರ ಬಳಿಯೂ ಒಂದು ಟ್ಯಾಬ್ಲೆಟ್ ಇತ್ತು. ನಮ್ಮ ಗಂಟು ಅದರಲ್ಲಿ, ಅವರ ಗಂಟು ನಮ್ಮದರಲ್ಲಿ. ಎರಡರಲ್ಲೂ ಜಾಗ ತುಂಬಿಹೋಗಿತ್ತು. ಅವರದನ್ನು ಅಳಿಸಿದರೆ ನಮ್ಮದನ್ನು ಇಳಿಸಿಕೊಳ್ಳಬಹುದು. ಆದರೆ ಅವರದನ್ನು ಕಳಿಸುವ ಮೊದಲು ಅಳಿಸುವಂತಿಲ್ಲ. ಕಳಿಸಬೇಕೆಂದರೆ ಅವರಲ್ಲಿ ಜಾಗವಾಗಬೇಕು, ಅದಕ್ಕೆ ಅವರು ನಮ್ಮದನ್ನು ಅಳಿಸಬೇಕು.

"ಪೆಹಲೇ ಆಪ್," ಎಂದರು ಅವರು, ಮೊದಲು ನೀವು ಅಳಿಸಿ ಎಂದು.

"ನಹೀ ನಹೀ, ಪೆಹಲೇ ಆಪ್," ಎಂದೆ ನಾನು.

ಎರಡೂ ಮನೆಯವರು ಪರದೆಗಳನ್ನು ಎದೆಗವಚಿಕೊಂಡು ಬಹಳ ಹೊತ್ತು ಹಾಗೇ ಕೂತಿದ್ದೆವು. ಎರಡನೇ ಸುತ್ತಿನ ಚಹಾ ಬಂತು.

ಇಷ್ಟು ಜಾಗವನ್ನು ನುಂಗಿದ್ದು ಯಾವುದೆಂದು ಕೊನೆಗೆ ಹುಡುಕಿದೆ. ಅತ್ತೆಗೆ ದಿನಾ ಬೆಳಿಗ್ಗೆ ಬರುವ ಶುಭೋದಯದ ಚಿತ್ರಗಳು. ಗುಲಾಬಿ ಹೂವು, ಹೊಗೆಯಾಡುವ ಕಾಫಿ ಕಪ್, ಉದಯಿಸುವ ಸೂರ್ಯ, ಸಾವಿರಗಟ್ಟಲೆ. ಅಳಿಸುತ್ತೇನೆ ಎಂದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. "ನನಗೆ ಅಂತ ಕಳಿಸಿದ್ದು ಕಣಮ್ಮ. ಒಂದೊಂದಾಗಿ ನೋಡಿ ಹೇಳ್ತೀನಿ ಇರು."

ಪೇಟದವರು ಬಗ್ಗಿ ನೋಡಿದರು. ಅವರ ಟ್ಯಾಬ್ಲೆಟ್ಟಿನಲ್ಲೂ ಸುಪ್ರಭಾತದ ಚಿತ್ರಗಳೇ ತುಂಬಿದ್ದವು. ಇಬ್ಬರೂ ಸೋಫಾದಲ್ಲಿ ಪಕ್ಕಪಕ್ಕ ಕೂತು, ಟ್ಯಾಬ್ಲೆಟ್ಟುಗಳನ್ನು ಮುಂದೆ ಹಿಡಿದು ಹೋಲಿಸತೊಡಗಿದರು. ಅದೇ ಕಪ್, ಅದೇ ಸೂರ್ಯ, ಮೇಲಿನ ಅಕ್ಷರ ಮಾತ್ರ ಬೇರೆ. "ಡಿಲೀಟ್?" ಎಂದು ಅವರು ಕೇಳುವುದು, ಅತ್ತೆ ಸ್ವಲ್ಪ ಯೋಚಿಸಿ "ಹಾಂ" ಎನ್ನುವುದು. ಒಂದು ನವಿಲಿನ ಚಿತ್ರಕ್ಕೆ ಮಾತ್ರ ಇಬ್ಬರೂ ತಲೆಯಲ್ಲಾಡಿಸಿ ಅಳಿಸುವುದು ಬೇಡ ಎಂದರು.

ಜಾಗವಾಯಿತು. ಅವರ ಗಂಟು ಅವರಿಗೆ ಹೋಯಿತು, ನಮ್ಮದು ನಮಗೆ ಬಂತು. ಅವರು ಆಲ್ಬಮ್ ಮತ್ತೆ ಪ್ರಿಂಟ್ ಮಾಡಿಸುವುದಿಲ್ಲ ಎಂದರು. ಬುವಾ ಇರಲಿ, ಇದ್ದರೆ ಮನೆಗೆ ಲಕ್ಷಣ ಎಂದು ಪೇಟದವರ ಅಮ್ಮ ಹೇಳಿದರು. ಅತ್ತೆ ರಿಕ್ಷಾದಲ್ಲಿ ದಾರಿಯುದ್ದಕ್ಕೂ ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದರು. ಗದರುವಾಗಲೂ ಚೆನ್ನಾಗೇ ಬಂದಿದ್ದೀನಿ ಅಲ್ವೇನೇ ಎಂದು ಒಮ್ಮೆ ಕೇಳಿದರು.

ನಮ್ಮ ಆಲ್ಬಮ್ಮಿನಿಂದ ಪೇಟದವರ ಎರಡು ಪುಟಗಳನ್ನು ತೆಗೆದೆ. ಮನಸ್ಸು ಯಾಕೋ ಪಿಚ್ಚೆಂದಿತು. ಮದುಮಗನ ಚಿಕ್ಕಪ್ಪನನ್ನು ಅಲ್ಲಿ ದೊಡ್ಡದು ಮಾಡಿ ಹಾಕಿದೆ, ಫೋಟೋದಲ್ಲಿ ಅವರು ಕಣ್ಣು ಮುಚ್ಚಿಕೊಂಡಿದ್ದರು.

ಆಲ್ಬಮ್ ಬಂದ ದಿನ ನಾದಿನಿ ಆಫೀಸಿನಿಂದ ನೇರ ನಮ್ಮ ಮನೆಗೆ ಬಂದಳು. ಎಲ್ಲರೂ ಸುತ್ತ ನಿಂತೆವು. ಅವಳು ಮೊದಲಿನಿಂದ ಕೊನೆಯವರೆಗೆ ಸರಸರ ಮಗುಚಿ, "ನನ್ನ ಹೇರ್ ನೋಡು, ಛೀ," ಎಂದು ಮುಚ್ಚಿಟ್ಟು ಫ್ರಿಜ್ ಕಡೆ ಹೋದಳು.