ದನಿಗೆ ಸೂತಕವಿಲ್ಲ

ನನ್ನ ತಮ್ಮನ ಲಗ್ನಪತ್ರಿಕೆ ಹಂಚಿ ಮುಗಿದ ಮೇಲೆ, ಕಂದಿಕೆರೆಯಲ್ಲಿ ಅಕ್ಕನ ಗಂಡನ ದಾಯಾದಿಗಳ ಪೈಕಿ ಒಬ್ಬ ಅಜ್ಜ ತೀರಿಕೊಂಡ. ಅಕ್ಕ ಅವನನ್ನು ಮಾತಾಡಿಸಿದ್ದೇ ಕಡಿಮೆ. ಆದರೂ ಸೂತಕ ಸೂತಕವೇ. ಅವಳು ಮದುವೆಗೆ ಬರುವಂತಿಲ್ಲ.

ನಮ್ಮಲ್ಲಿ ಸೋಬಾನೆ ಪದಕ್ಕೆ ಅಕ್ಕನೇ ಮುಂದು. ಅವಳು ಒಂದು ಸೊಲ್ಲು ಎತ್ತಿದರೆ ಮಿಕ್ಕವರು ಅದನ್ನೇ ಹೇಳುವುದು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಲ್ಲಿಂದ ಅಕ್ಕನ ಹಿಂದೆ ಕೂತು ಹೇಳಿದ್ದೇ ನನ್ನ ಓದು.

ಅವಳನ್ನು ಫೋನಿನಲ್ಲಿ ಹಾಡಿಸುವ ಉಪಾಯ ತಮ್ಮನದು. ಅವನು ಆಗಷ್ಟೇ ಮೊಬೈಲು ಕೊಂಡಿದ್ದ. ಸೂತಕದವಳ ದನಿ ಚಪ್ಪರದೊಳಗೆ ಬರಬಹುದೇ ಎಂದು ಹಿರಿಯರು ಬಹಳ ಹೊತ್ತು ಎಲೆಅಡಿಕೆ ಅಗಿದರು. ಕೊನೆಗೆ ದೊಡ್ಡಪ್ಪ, "ಮೈ ಮುಟ್ಟಿದ್ರೆ ತಾನೇ ಮೈಲಿಗೆ? ದನೀನ ಯಾರು ಮುಟ್ಟಾರು? ಹಾಡ್ಲಿ ಬುಡ್ರಪ್ಪ," ಎಂದರು. ಮನೆಯೊಳಗಿಂದ ಬೇಡ, ತೋಟದಲ್ಲಿ ನಿಂತು ಹಾಡಲಿ ಎಂಬುದೊಂದು ಷರತ್ತು.

"ಬರಾಕಂತೂ ಆಗ್ಲಿಲ್ಲ. ತಮ್ಮನ ಮದ್ವೇಲಿ ನನ್ನ ದನಿಯಾದ್ರೂ ಇರ್ಲಿ ಕಣೇ," ಎಂದಳು ಅಕ್ಕ. ತಲೆಗೆ ನೀರು ಹಾಕಿಕೊಂಡು ತೆಂಗಿನ ಸಾಲಿನ ನಡುವೆ ನಿಂತಳಂತೆ.

ಅರಿಶಿನ ಹಚ್ಚುವಾಗ ಫೋನನ್ನು ಮೈಕಿಗೆ ಹಿಡಿಯುವ ಕೆಲಸ ನನ್ನದು. ಅಕ್ಕನ ದನಿ ಚಪ್ಪರ ತುಂಬಿತು. ಆದರೆ ನಮ್ಮ ದನಿ ಅವಳಿಗೆ ತಡವಾಗಿ ಮುಟ್ಟುತ್ತಿತ್ತು. ನಾವು ಹೇಳಿ ಮುಗಿಸಿದರೂ ಅವಳು ನಮಗಾಗಿ ಕಾಯುತ್ತಿದ್ದಳು. ಅರಿಶಿನದ ಕೈಗಳು ತಮ್ಮನ ಕೆನ್ನೆಯ ಹತ್ತಿರ ನಿಂತೇ ಇರುತ್ತಿದ್ದವು.

"ನಿಮ್ಮಕ್ಕ ನಡುವೆ ಉಣ್ಣಾಕೋದ್ಲೇನೇ?" ಎಂದರು ಸೋದರತ್ತೆ. ಎಲ್ಲರೂ ನಕ್ಕರು.

"ಸಿಗ್ನಲ್ ಹೋಯ್ತು ಕಣತ್ತೆ," ಎಂದು ಫೋನನ್ನು ಮೈಕಿನಿಂದ ಸರಿಸಿದೆ.

ಸಿಗ್ನಲ್ ಇತ್ತು. ಅಕ್ಕ ಮುಂದಿನ ಸೊಲ್ಲು ಎತ್ತಿದ್ದು ನನಗೆ ಕೇಳಿಸುತ್ತಿತ್ತು. ಫೋನು ನಿಲ್ಲಿಸುವ ಗುಂಡಿ ಯಾವುದೆಂದು ತಿಳಿಯದೆ ಫೋನನ್ನು ಸೆರಗಿನಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡೆ. ಮೈಕು ಎಳೆದುಕೊಂಡು ನಾನೇ ಮುಂದೆ ಹೇಳಿದೆ. ಅತ್ತೆ ಆ ಮಾತು ಆಡದಿದ್ದರೂ ಹೀಗೇ ಮಾಡುತ್ತಿದ್ದೆನೇನೋ. ಚೆನ್ನಾಗಿ ಹೇಳಿದೆ ಎಂದು ಎಲ್ಲರೂ ಅಂದರು. ನನಗೂ ಹಾಗೇ ಅನ್ನಿಸಿತು.

ಸೂತಕ ಕಳೆದು ಅಕ್ಕ ಊರಿಗೆ ಬಂದಾಗ, ಕೇಳುವ ಮೊದಲೇ, "ಅವತ್ತು ಸಿಗ್ನಲ್ ಹೋಯ್ತಕ್ಕ," ಎಂದೆ.

"ಹೂಂ," ಎಂದು ತಂದಿದ್ದ ಕೊಬ್ಬರಿ ಮಿಠಾಯಿ ಕೊಟ್ಟಳು.

ಮುಂದಿನ ವರ್ಷ ಮಾಯಸಂದ್ರದಲ್ಲಿ ಚಿಕ್ಕಮ್ಮನ ಮಗಳ ಮದುವೆ. ಹೆಂಗಸರು ಅಕ್ಕನ ಕೈ ಹಿಡಿದು ಮೈಕಿನ ಹತ್ತಿರ ಎಳೆದರು. ಅವಳು ಕೈ ಬಿಡಿಸಿಕೊಂಡು ನನ್ನ ಬೆನ್ನ ಹಿಂದೆ ಬಂದು ಕೂತಳು.

"ಅವ್ಳೇ ಹೇಳ್ತಾಳೆ ಬುಡ್ರಮ್ಮ. ನಂಗೆ ಸಿಗ್ನಲ್ ಸಿಗಾಕಿಲ್ಲ."

ಮಡಿಲಲ್ಲಿದ್ದ ಫೋನು ಅವತ್ತು ಎಲ್ಲವನ್ನೂ ಅವಳಿಗೆ ಕೇಳಿಸಿತ್ತೆಂದು ಆಗ ತಿಳಿಯಿತು.

ಪದ ಎತ್ತಿದೆ. ಎರಡನೇ ಸೊಲ್ಲು ಮರೆತುಹೋಯಿತು. ಅಕ್ಕ ಹಿಂದಿನಿಂದ ತಕ್ಷಣ ಎತ್ತಿಕೊಟ್ಟಳು.

ಅವತ್ತಿನಿಂದ ನಾನೇ ಮುಂದೆ, ಅವಳು ಹಿಂದೆ. ಹಿಂದಕ್ಕೆ ತಿರುಗಿ ತಪ್ಪಾಯಿತು ಎನ್ನೋಣವೆಂದರೆ, ಮೈಕಿನಲ್ಲಿ ಎಲ್ಲರಿಗೂ ಕೇಳಿಸುತ್ತದೆ.