ಅತ್ತೆಯ ವೀಲಿಗೊಂದು ಸಾಕ್ಷಿ

ತನ್ನ ಕಾಲಾನಂತರ ಯಾವುದು ಯಾರಿಗೆಂದು ನಮ್ಮ ಅತ್ತೆ ವೀಲು ಮಾಡಿಸಲು ಹೊರಟಾಗ ಊರಿಗೆ ಊರೇ ಅವಳ ಮೇಲೆ ಮುನಿಸಿಕೊಂಡಿತು. ಏನೂ ಕೊಡಲಿಲ್ಲ ಎಂದಲ್ಲ, ಸಹಿ ಹಾಕಲು ಕರೆದಳು ಎಂದು!

ಅತ್ತೆಯೆಂದರೆ ಅಪ್ಪನ ಅಕ್ಕ. ಗಂಡ ತೀರಿಹೋಗಿ ಎಷ್ಟೋ ಕಾಲವಾಯಿತು, ಮಕ್ಕಳಿಲ್ಲ. ಗಂಗೊಳ್ಳಿ ಬಂದರಿನಿಂದ ಮೀನು ತಂದು ಯಡ್ತರೆ, ಬೈಂದೂರು ಸುತ್ತಿ ಮಾರಿ, ಆ ದುಡಿಮೆಯಲ್ಲೇ ಎರಡು ಕೋಣೆಯ ಹಂಚಿನ ಮನೆ ಕಟ್ಟಿಸಿದವಳು. ಜೊತೆಗೆ ಬುಟ್ಟಿ ಹೊತ್ತ ಗೆಳತಿಯೊಬ್ಬಳು ಆ ಮನೆಯಲ್ಲೇ ಇದ್ದಾಳೆ. ಅವಳಿಗೆ ಬೇರೆ ಸೂರಿಲ್ಲ. ಅತ್ತೆಗೆ ಸೋಮವಾರ ಹೃದಯದ ಆಪರೇಷನ್ ಇತ್ತು. ವೀಲಿಲ್ಲದೆ ಕಣ್ಣು ಮುಚ್ಚಿದರೆ ಮನೆ ಗಂಡನ ತಮ್ಮನ ಮಕ್ಕಳಿಗೆ ಹೋಗುತ್ತದೆ ಎಂದು ಕುಂದಾಪುರದ ವಕೀಲರು ಹೇಳಿದ್ದೇ ತಡ, ಅತ್ತೆ ಕೆಂಡವಾದಳು.

"ಎಂತ? ಮುಂಬೈಯಲ್ ಕೂಕಂಡ್ ನನ್ ಮುಖ ಸಮಾ ಕಾಣದ್ ಮಕ್ಳಿಗೆ ನನ್ ಮನಿಯಾ? ಇವ್ಳನ್ನ ಬೀದಿಗ್ ಹಾಕೂಕಾ? ಈಗ್ಳೇ ಬರೀರಿ ಮರ್ರೆ!"

ಮನೆ ಗೆಳತಿಗೆ ಎಂದು ವಕೀಲರು ಬರೆದರು. ಸಾಕ್ಷಿ ಇಬ್ಬರು ಬೇಕು, ಒಬ್ಬ ತನ್ನ ಗುಮಾಸ್ತನಾದ, ಇನ್ನೊಬ್ಬರು ಅತ್ತೆಯನ್ನು ಚೆನ್ನಾಗಿ ಬಲ್ಲವರಾಗಲಿ ಎಂದರು. ವೀಲಿನಲ್ಲಿ ಪಾಲು ಇರುವವರು ಮಾತ್ರ ಬೇಡ, ನಾಳೆ ತಕರಾರಾದೀತು. ಸಾಕ್ಷಿ ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಕೋಟದ ನನ್ನ ಮನೆಯಿಂದ ಬಸ್ಸು ಹಿಡಿದು ಅತ್ತೆಯ ಮನೆಗೆ ಹೋದವಳು ಮೊದಲು ಪಕ್ಕದ ಮನೆಯ ಮಾಸ್ತರರನ್ನು ಕರೆಯಲು ಹೊರಟೆ. ಅತ್ತೆ ಒಳಗಿನಿಂದಲೇ ಕೂಗಿದಳು. "ಅವ್ರ್ ಆತಿಲ್ಲೆ! ಅವ್ರ ಬದಿಗ್ ಬಗ್ಗಿದ್ ತೆಂಗಿನ್ ಮರ ಅವ್ರಿಗೇ ಬರ್ಸಿದ್ದೆ."

ಆ ಮರದ ಕಾಯಿ ಹೇಗೂ ಅವರ ಅಂಗಳಕ್ಕೇ ಬೀಳುತ್ತಿತ್ತು. ಹಾಲು ತರುವವಳಿಗೆ ಕಡೆಯುವ ಕಲ್ಲು, ಡಾಕ್ಟರಿಗೆ ಹುಂಜ ಬರೆಸಿದ್ದರಿಂದ ಅವರೂ ಸಾಕ್ಷಿಗೆ ಆಗುವಂತಿರಲಿಲ್ಲ. ಹುಂಜವನ್ನು ಯಾರಾದರೂ ವೀಲಿನಲ್ಲಿ ಬರೆಸುತ್ತಾರೆಯೇ? ಅದು ಮೊದಲು ಸತ್ತರೆ ಏನು ಮಾಡುವುದು ಎಂದು ವಕೀಲರು ಕೇಳಿದ್ದಕ್ಕೆ, "ಅದ್ರ ಮರಿ ಕೊಡಿ" ಎಂದಿದ್ದಳಂತೆ.

ಏನೂ ಸಿಗದೆ ಉಳಿದವರಲ್ಲಿ ಮೊದಲು ನೆನಪಾದವನು ಅಂಗಡಿಯವನು. ಕರೆದದ್ದೇ ಅವನ ಮುಖ ಊದಿಕೊಂಡಿತು. "ಸಹಿಗ್ ನಾನ್ ಬೇಕ್ ಅಂದ್ರೆ ನಂಗ್ ಎಂತದೂ ಇಲ್ಲೆ ಅಂತಾಯ್ತ್! ಗಾಳಿಗ್ ಹಂಚ್ ಹಾರ್ದಾಗ ಮಾಡಿಗ್ ಹತ್ತಿದ್ದ್ ಯಾರ್?"

ಅತ್ತೆಗೆ ಕಣ್ಣೀರೇ ಬಂತು. "ಹೌದಲೆ, ಪಾಪ!" ಎನ್ನುತ್ತ ವಕೀಲರಿಗೆ ಫೋನು ಮಾಡಿ ಅವನ ಹೆಸರಿಗೆ ತಾಮ್ರದ ಹಂಡೆ ಸೇರಿಸಿದಳು. ಅಲ್ಲಿಗೆ ಆ ಸಾಕ್ಷಿಯೂ ಹೋಯಿತು. ಅಷ್ಟರಲ್ಲಿ ಸುದ್ದಿ ಹಬ್ಬಿ, ನನ್ನನ್ನು ಕಂಡವರು ಬಾಗಿಲು ಹಾಕಿಕೊಳ್ಳತೊಡಗಿದರು. ಆಟೊದವನನ್ನು ಸಾಕ್ಷಿಗೆ ಕೇಳಿದ್ದೇ ತಡ, ಅವನು ಸಿಟ್ಟಾಗಿ ನನ್ನನ್ನು ಆಟೊ ಹತ್ತಿಸಲೇ ಇಲ್ಲ. ಅವನ ಸಿಟ್ಟು ಇಳಿಸಲು ಅತ್ತೆ ಅವನ ಮಗಳಿಗೆ ತನ್ನ ಬೆಂಡೋಲೆ ಬರೆಸಿದಳು. ಆ ಬೆಂಡೋಲೆಯ ಮೇಲೆ ನನಗೆ ಚಿಕ್ಕಂದಿನಿಂದ ಕಣ್ಣಿತ್ತು. ಹೊಟ್ಟೆ ಉರಿದುಹೋಯಿತು.

ಗೆಳತಿ ಕೈ ಒರೆಸಿಕೊಳ್ಳುತ್ತ ಬಂದಳು. "ನಾನೇ ಸಹಿ ಹಾಕ್ತೆ, ಅದ್ರಲ್ ಎಂತ ಇತ್ತ್?"

"ಮನಿ ನಿಂಗೇ, ಸಾಕ್ಷಿಯೂ ನೀನೇಯಾ?" ಎಂದು ಅತ್ತೆ ಗದರಿದಳು.

"ಹಾಂಗಾರೆ ನಂಗ್ ಮನಿ ಬ್ಯಾಡ. ಸಹಿ ಹಾಕ್ತೆ."

ನಾನು ತಲೆ ಚಚ್ಚಿಕೊಂಡೆ.

ಶನಿವಾರ ವಕೀಲರು ಗುಮಾಸ್ತನೊಂದಿಗೆ ಬಂದರು. ಮೊದಲು ಒಂದು ಹಾಳೆಯಿದ್ದ ವೀಲು ಈಗ ಮದುವೆಯ ಸಾಮಾನಿನ ಚೀಟಿಯ ಹಾಗೆ ಉದ್ದವಾಗಿತ್ತು. "ಸಾಕ್ಷಿ ಎಲ್ಲಿ?" ಎಂದರು. ಅತ್ತೆ ನನ್ನತ್ತ ಬೆರಳು ತೋರಿಸಿದಳು.

"ನಾನಾ? ಅಂದ್ರೆ ನಂಗ್ ಎಂತದೂ ಇಲ್ಯಾ?" ಕೇಳುವಾಗಲೇ ಗೊತ್ತಾಯಿತು, ನಾನೂ ಥೇಟ್ ಅಂಗಡಿಯವನಂತೆಯೇ ಕೇಳುತ್ತಿದ್ದೆ.

"ಇಲ್ಲೆ. ಉಳ್ದವ್ರ್ ಕೊಟ್ರೆ ಮಾತ್ರ ನಮ್ಮವ್ರ್. ನೀನ್ ಕೊಡ್ದಿದ್ರೂ ಬತ್ತೆ ಅಲ್ದಾ?"

ಅದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ. ಅತ್ತೆ ಸಹಿ ಹಾಕಿದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ನಾನು ಸಹಿ ಹಾಕುವಾಗ ಪೆನ್ನಿನ ಮೊನೆ ಕಾಗದಕ್ಕೆ ಚುಚ್ಚಿಕೊಂಡಿತು. ಆಮೇಲೆ ಗುಮಾಸ್ತ ಹಾಕಿದ. ವಕೀಲರು ಚಾ ಕುಡಿದು ಹೊರಟರು.

"ಇನ್ ನನ್ನ ಯಾರೂ ಹೊರಗ್ ಹಾಕೂಕ್ ಆತಿಲ್ಲೆ ಅಲ್ದಾ?" ಎಂದು ಗೆಳತಿ ನನ್ನನ್ನು ಮೆಲ್ಲಗೆ ಕೇಳಿದಳು. ಆತಿಲ್ಲೆ ಎಂದೆ.

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಢಣ್ ಢಣ್ ಎಂದು ಸದ್ದು. ಹೋಗಿ ನೋಡಿದರೆ ಗೋಡೆಗೆ ಮೊಳೆ ಹೊಡೆಯುತ್ತಿದ್ದಾಳೆ. ಬೇರೆಯವರ ಗೋಡೆ ಎಂದು ಇಷ್ಟು ವರ್ಷ ತನ್ನ ಬಟ್ಟೆಗಳನ್ನು ಚೀಲದಲ್ಲೇ ಇಟ್ಟುಕೊಂಡಿದ್ದವಳು, ಈಗ ಸೀರೆ ನೇತುಹಾಕಲು ಹಗ್ಗ ಕಟ್ಟುತ್ತಾಳಂತೆ.

ಚಾವಡಿಯಿಂದ ಅತ್ತೆ ಕಿರುಚಿದಳು. "ಹ್ವಾಯ್! ನಾನಿನ್ನೂ ಸಾಯ್ಲಿಲ್ಲೆ ಮಾರಾಯ್ತಿ!"

ಗೆಳತಿ ಕೇಳಿಸಿಕೊಳ್ಳಲೇ ಇಲ್ಲ. ಇನ್ನೊಂದು ಮೊಳೆಯನ್ನು ನನ್ನ ಕೈಗೆ ಕೊಟ್ಟು, ನೆಟ್ಟಗೆ ಹಿಡಿದುಕೋ ಎಂದಳು. ನಾನು ಹಿಡಿದುಕೊಂಡೆ.